ಅಜ್ಜಿ ಕೊಡುತ್ತಿದ್ದ ಜ್ಯೂಸ್ ಬಾಟಲಿ

ಬಟ್ಟೆಗೆ ಬಣ್ಣ ಹಾಕುವ ಅಜ್ಜಿಗೆ ಮೊಮ್ಮಗಳೆಂದರೆ ಪಂಚಪ್ರಾಣ. ಐದು ವರ್ಷದ ಆ ಮಾತಿನಮಲ್ಲಿ ಶಾಲೆ ಬಿಟ್ಟ ಕೂಡಲೇ ಅಜ್ಜಿಯ ಅಂಗಡಿಗೆ ಓಡಿ ಬರುತ್ತಿದ್ದಳು. ಕುದಿಯುವ ಹಂಡೆಯ ಹತ್ತಿರ ಸುಳಿಯದಿರಲಿ ಎಂದು ಅಜ್ಜಿ ಅವಳನ್ನು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರಿಸಿ, ಕೈಗೊಂದು ಜ್ಯೂಸ್ ಬಾಟಲಿ ಕೊಡುತ್ತಿದ್ದಳು. ಕತ್ತಲಾಗುವವರೆಗೂ ಹುಡುಗಿ ಗುಟುಕು ಗುಟುಕಾಗಿ ಹೀರುತ್ತಿದ್ದಳು.

ಈಚೆಗೆ ಮಾತ್ರ ಅವಳ ಮಾತು ಕಡಿಮೆಯಾಗಿತ್ತು. ಕೆನ್ನೆಗೆ ಕೈ ಕೊಟ್ಟು ಕೂರುತ್ತಿದ್ದಳು. ಏನು ಕೊಟ್ಟರೂ ಒಂದೇ ಪಕ್ಕದಲ್ಲಿ ಅಗಿಯುತ್ತಿದ್ದಳು.

ಒಂದು ಸಂಜೆ ಹಲ್ಲಿನ ಆಸ್ಪತ್ರೆಯ ನರ್ಸ್ ಬಣ್ಣಕ್ಕೆ ಕೊಟ್ಟಿದ್ದ ಪರದೆಗಳನ್ನು ಒಯ್ಯಲು ಬಂದಳು. ಹುಡುಗಿಯನ್ನು ಮಾತಾಡಿಸಿ, ಬಾಯಿ ತೆರೆಸಿ ನೋಡಿದಳು.

“ಅಜ್ಜಿ, ದವಡೆ ಹಲ್ಲು ಹುಳುಕಾಗ್ತಿದೆ. ಈ ಜ್ಯೂಸ್ ದಿನಾ ಕೊಡ್ತೀರಾ?”

“ಹಣ್ಣಿನದು ಕಣಮ್ಮ. ಅದೂ ಒಂದೇ ಬಾಟ್ಲಿ. ನನ್ನ ಬಂಗಾರಿ ಗಟಗಟ ಕುಡಿಯೋಳಲ್ಲ, ಸಂಜೆಪೂರ್ತಿ ಅದರಲ್ಲೇ ಕಳೀತಾಳೆ,” ಅಂದಳು ಅಜ್ಜಿ ಹೆಮ್ಮೆಯಿಂದ.

“ಎಡವಟ್ಟಾಗಿರೋದೇ ಅಲ್ಲಿ. ಬಟ್ಟೇನ ಬಣ್ಣದಲ್ಲಿ ಅದ್ದಿ ಕೂಡಲೇ ತೆಗೆದ್ರೆ ಬಣ್ಣ ಹಿಡಿಯುತ್ತಾ?”

“ಎಲ್ಲಿ ಹಿಡಿಯುತ್ತೆ? ನೆನೀಬೇಕು.”

“ನಿಮ್ಮ ಬಂಗಾರಿ ಹಲ್ಲು ಸಂಜೆಪೂರ್ತಿ ಸಕ್ಕರೇಲಿ ನೆನೀತಿದೆ ಅಜ್ಜಿ. ಹಣ್ಣಿನ ಜ್ಯೂಸಲ್ಲೂ ಸಕ್ಕರೆ ಇರುತ್ತೆ. ಒಂದೊಂದು ಗುಟುಕಿಗೂ ಬಾಯಲ್ಲಿರೋ ಕ್ರಿಮಿಗಳು ಅದನ್ನ ತಿಂದು ಹುಳಿ ಬಿಡ್ತವೆ. ಆ ಹುಳಿ ಹಲ್ಲು ಕರಗಿಸುತ್ತೆ. ಅದನ್ನ ತೊಳೆಯೋಕೆ ಜೊಲ್ಲಿಗೆ ಬಿಡುವೇ ಸಿಗಲ್ಲ.”

ಅಜ್ಜಿ ಅಷ್ಟು ಸುಲಭಕ್ಕೆ ಸೋಲುವವಳೇ? “ಹಾಲುಹಲ್ಲು ತಾನೆ, ಬಿದ್ದು ಹೋಗುತ್ತೆ ಬಿಡು.”

“ಬೀಳೋವರೆಗೂ ಮಗು ನೋವು ತಿನ್ಬೇಕಾ? ಬೇಗ ಕಿತ್ತುಹಾಕಿದ್ರೆ ಹೊಸ ಹಲ್ಲಿಗೆ ಜಾಗ ಕಾಯೋರು ಯಾರು? ಅದು ಸೊಟ್ಟಗೆ ಬರಬಹುದು. ನಾಳೆ ಆಸ್ಪತ್ರೆಗೆ ಕರ್ಕೊಂಡು ಬನ್ನಿ, ಈಗಾದ್ರೆ ಹುಳುಕು ತೆಗೆದು, ಕುಳಿ ತುಂಬಿಸಿ ಹಲ್ಲು ಉಳಿಸಬಹುದು. ಇವತ್ತಿಂದ ಬಾಟ್ಲೀಲಿ ಬರೀ ನೀರು ಕೊಡಿ. ಊಟದ ಜೊತೆ ಸಕ್ಕರೆ ಹಾಕದ ಹಾಲು. ಹಣ್ಣನ್ನ ಅಗಿದೇ ತಿನ್ಲಿ.”

ಅಜ್ಜಿ ಪರದೆಗಳನ್ನು ಮಡಿಸಿ ನರ್ಸ್ ಕೈಗಿಟ್ಟಳು. ಆಮೇಲೆ ಹೊಟ್ಟೆಯಲ್ಲಿದ್ದದ್ದನ್ನು ಹೇಳಿಯೇಬಿಟ್ಟಳು. “ಜ್ಯೂಸ್ ನಿಲ್ಲಿಸಿದ್ರೆ ಇವಳು ನನ್ನ ಹತ್ರ ಬರ್ತಾಳೇನಮ್ಮ?”

“ನಿಲ್ಲಿಸಿ ನೋಡಿ,” ಅಂದಳು ನರ್ಸ್.

ಮರುದಿನ ಹಲ್ಲು ತುಂಬಿಸಿದ್ದಾಯಿತು. ಸಂಜೆ ಬಾಟಲಿಯಲ್ಲಿ ನೀರು ನೋಡಿ ಹುಡುಗಿ ಮುಖ ಊದಿಸಿಕೊಂಡು ಮನೆಗೆ ಹೊರಟೇಹೋದಳು. ಆಮೇಲಿನ ದಿನ ಇತ್ತ ತಲೆ ಹಾಕಲಿಲ್ಲ. ಅಜ್ಜಿ ಒಂದು ಬಾಟಲಿ ತಂದಿಡೋಣವೆಂದು ಪಕ್ಕದ ಅಂಗಡಿಯವರೆಗೂ ಹೋಗಿ, ಮನಸ್ಸು ಗಟ್ಟಿ ಮಾಡಿಕೊಂಡು ಬರಿಗೈಯಲ್ಲಿ ಬಂದಳು.

ಮೂರನೆಯ ಸಂಜೆ ಹುಡುಗಿ ತಾನಾಗಿಯೇ ಬಂದು ಸ್ಟೂಲೇರಿದಳು. ನೀರು ಕುಡಿದು, ಬಾಯಿ ಒರೆಸಿಕೊಂಡು, ಶಾಲೆಯ ಜಗಳವನ್ನೆಲ್ಲ ಒಂದೇ ಉಸಿರಿಗೆ ಹೇಳತೊಡಗಿದಳು.

“ಜ್ಯೂಸ್ ಇಲ್ಲ ಕಣೇ,” ಅಂದಳು ಅಜ್ಜಿ, ಅಳುಕುತ್ತಲೇ.

“ಗೊತ್ತು. ಮನೇಲಿ ಯಾರೂ ನಾನು ಹೇಳೋದು ಪೂರ್ತಿ ಕೇಳಲ್ಲ.”

ಅಜ್ಜಿ ಹಂಡೆಯ ಉರಿ ತಗ್ಗಿಸಿ ಬಂದು ಮೊಮ್ಮಗಳ ಪಕ್ಕ ಕೂತಳು.

ಅಮ್ಮಂದಿರೇ, ಅಪ್ಪಂದಿರೇ, ಅಜ್ಜಿ-ತಾತಂದಿರೇ, ನಿಮ್ಮ ಮಗುವಿನ ಬಾಟಲಿಯಲ್ಲಿ ಏನಿದೆ, ಒಮ್ಮೆ ಮುಚ್ಚಳ ತೆಗೆದು ನೋಡಿ. ಸಿಹಿ ಇದ್ದರೆ ಚೆಲ್ಲಿ, ನೀರು ತುಂಬಿಸಿ. ಎಂದಾದರೂ ಜ್ಯೂಸ್ ಕೊಡಲೇಬೇಕಾಗಿ ಬಂದರೆ ಊಟದ ಜೊತೆ ಪುಟ್ಟ ಲೋಟದಲ್ಲಿ ಕೊಡಿ, ಬಾಟಲಿಯಲ್ಲಿ ಬೇಡ. ಬೆಳಿಗ್ಗೆ, ರಾತ್ರಿ ಹಲ್ಲುಜ್ಜಿಸಿ. ಮಗು ಎರಡು ದಿನ ಮುನಿಸಿಕೊಂಡೀತು, ಹೆದರಬೇಡಿ. ಅದಕ್ಕೆ ಬೇಕಾಗಿರುವುದು ನೀವು.