ಕುದುರೆ ಗೂಟಕ್ಕೆ ಕೊಕ್ಕೆ ಹಾಕಬೇಡಿ

ಹಿಮ ಕರಗಲು ಶುರುವಾದರೆ ನಮ್ಮ ಕಾರಾ-ಸಾಜ್ ಊರಿನ ಗಂಡಸರ ಬೂಟು ಒಣಗುವುದಿಲ್ಲ. ಬೇಸಿಗೆ ಹುಲ್ಲುಗಾವಲಿಗೆ ಹತ್ತುವ ದಾರಿಯಲ್ಲಿ ಆ ಜೌಗು ಇದೆಯಲ್ಲ, ಅದು ಪ್ರತಿ ವರ್ಷ ಯಾರದಾದರೂ ಗಾಡಿಯನ್ನು ಹೊಟ್ಟೆಯವರೆಗೆ ನುಂಗುತ್ತದೆ. ಕೆಸರಲ್ಲಿ ಸಿಕ್ಕವರನ್ನು ದಾಟಿ ಹೋಗುವ ಜನ ನಮ್ಮಲ್ಲಿಲ್ಲ. ಆದರೆ ಈಗ ಮೇಲೆ ಹೋಗುವ ಮನೆಗಳೇ ಕಡಿಮೆ. ಕಾದು ಕೂತರೂ ದಾರಿಯಲ್ಲಿ ಯಾರೂ ಬರುವುದಿಲ್ಲ.

ಅದಕ್ಕೇ ಹೋದ ವರ್ಷ ನಮ್ಮ ನೆರೆಮನೆಯ ಮುಕಾಶ್ ತನ್ನ ಹಳೆಯ ರಷ್ಯನ್ ವ್ಯಾನಿಗೆ ವಿಂಚ್ ಹಾಕಿಸಲು ಹೊರಟ. ಗಾಡಿಯ ಮೂತಿಗೆ ಕೂರಿಸುವ ರಾಟೆ ಅದು. ಉಕ್ಕಿನ ಹಗ್ಗದ ಕೊಕ್ಕೆಯನ್ನು ಎದುರಿನ ಗಟ್ಟಿ ವಸ್ತುವಿಗೆ ಸಿಕ್ಕಿಸಿದರೆ, ರಾಟೆ ಹಗ್ಗ ಸುತ್ತಿಕೊಳ್ಳುತ್ತಾ ಗಾಡಿಯನ್ನು ಮೇಲಕ್ಕೆಳೆಯುತ್ತದೆ.

ಸಂತೆಯಲ್ಲಿ ಬುರುಲ್ ಬಿಡಿಭಾಗದ ಅಂಗಡಿ ಇಟ್ಟಿದ್ದಾಳೆ. ಮೊದಲು ರಸ್ತೆ ಕೆಲಸದ ಟ್ರ್ಯಾಕ್ಟರ್ ಓಡಿಸುತ್ತಿದ್ದವಳು. ವಯಸ್ಸಿನಲ್ಲಿ ಹಿರಿಯಳು, ಊರಿಗೆಲ್ಲ ಅಕ್ಕ, ಬುರುಲ್ ಎಜೆ. ಮುಕಾಶ್ ಅವಳ ಅಂಗಡಿಗೆ ಬಂದ ದಿನ, ಊರ ಶಾಲೆಯ ಟೀಚರಾದ ನಾನೂ ಅಲ್ಲಿದ್ದೆ.

“ಎಜೆ, ಇರೋದ್ರಲ್ಲೇ ದೊಡ್ಡದು ಕೊಡಿ. ಆದ್ರೆ ಅಗ್ಗ ಇರ್ಬೇಕು,” ಅಂದ ಮುಕಾಶ್.

“ಚೆಂದದ ಹೆಣ್ಣೂ ಬೇಕು, ಕನ್ಯಾಶುಲ್ಕವೂ ಕಮ್ಮಿ ಆಗ್ಬೇಕು ಅನ್ನು,” ಎಂದು ಬುರುಲ್ ನಕ್ಕಳು. “ವ್ಯಾನು, ಗುಡಾರ, ಒಲೆ, ಜನ ಎಲ್ಲ ಸೇರಿ ಎಷ್ಟು ತೂಕವೋ ಲೆಕ್ಕ ಹಾಕು. ಅದರ ಒಂದೂವರೆ ಪಟ್ಟು ಎಳೆಯೋದಾದ್ರೆ ಸಾಕು. ಪೆಟ್ಟಿಗೆ ಮೇಲಿನ ನಂಬರಿಗೆ ಮರುಳಾಗ್ಬೇಡ. ರಾಟೆ ಮೇಲೆ ಹಗ್ಗ ಒಂದೇ ಪದರ ಉಳಿದಾಗ ಮಾತ್ರ ಅದು ಅಷ್ಟು ಎಳೆಯೋದು. ಪದರ ಏರಿದಷ್ಟೂ ಬಲ ಇಳಿಯುತ್ತೆ. ಅದೂ ಅಲ್ದೆ ನಿನ್ನ ಬ್ಯಾಟರಿ ಬೆಳಗೆದ್ದರೆ ಕೆಮ್ಮುತ್ತೆ. ಈ ಕೈವಿಂಚ್ ತಗೋ. ಹಿಡಿ ಜಗ್ಗಿ ಜಗ್ಗಿ ಎಳೀಬೇಕು, ನಿಧಾನ. ಆದ್ರೆ ಕರೆಂಟು ಬೇಡ, ಒಂದು ಕುರಿ ಮಾರಿದ್ರೆ ಬರುತ್ತೆ.”

“ಕೂತು ಜಗ್ಗೋಕೆ ನಾನೇನು ಕುದುರೆ ಹಾಲು ಕರೀತೀನಾ ಎಜೆ?”

“ಆಯ್ತಪ್ಪ, ಕೊಕ್ಕೆ ಯಾವುದಕ್ಕೆ ಹಾಕ್ತೀಯ? ನಮ್ಮ ಕಡೆ ಒಂದು ಮರ ತೋರ್ಸು.”

“ಮರ ಯಾಕೆ? ನಮ್ಮಪ್ಪನ ಕಾಲದ ಕುದುರೆ ಗೂಟ ಇದೆ. ಎಂಥ ಪುಂಡ ಕುದುರೆ ಜಗ್ಗಿದ್ರೂ ಮಿಸುಕಿಲ್ಲ. ದೇವರೇ ಆಕಾಶದ ಕುದುರೆಗಳನ್ನ ಕಬ್ಬಿಣದ ಗೂಟಕ್ಕೆ ಕಟ್ಟಿಲ್ವಾ?”

ಸುತ್ತ ನಿಂತವರೆಲ್ಲ ನಕ್ಕರು. ಧ್ರುವ ನಕ್ಷತ್ರವನ್ನು ನಾವು ಕಬ್ಬಿಣದ ಗೂಟ ಅಂತಲೇ ಕರೆಯುವುದು. ಬುರುಲ್ ಮಾತ್ರ ನಗಲಿಲ್ಲ.

“ಕುದುರೆ ಸುಸ್ತಾದ್ರೆ ನಿಲ್ಲುತ್ತೆ ಕಣೋ ಮುಕಾಶ್. ವಿಂಚ್ ನಿಲ್ಲಲ್ಲ.”

ಅವನು ಎದುರಂಗಡಿಯಲ್ಲಿ ಕೆಂಪು ಬಣ್ಣದ, ದೊಡ್ಡ ನಂಬರಿನ ಕರೆಂಟು ವಿಂಚ್ ಕೊಂಡ. ಅದರ ದುಡ್ಡಿಗೆ ಹಾಲು ಕೊಡುವ ಹಸು ಮಾರಿಹೋಯಿತು. ವ್ಯಾಪಾರ ತಪ್ಪಿದರೂ ಬುರುಲ್ ಓಡಿ ಬಂದು ಒಂದು ದಪ್ಪ ಉಣ್ಣೆಹಾಸನ್ನು ಅವನ ಕೈಗಿಟ್ಟಳು. “ಎಳೆಯುವಾಗ ಇದನ್ನ ಹಗ್ಗದ ನಡುವೆ ಹೊದಿಸು. ಹಗ್ಗ ಹರಿದ್ರೆ ಹಾರದ ಹಾಗೆ ತಡೆಯುತ್ತೆ. ದುಡ್ಡೇನೂ ಬೇಡ.” ಮುಕಾಶ್ ಅದನ್ನು ಸೀಟಿನ ಮೇಲೆ ಹಾಸಿಕೊಂಡು ಕೂತ.

ಮೇಲೆ ಹೋಗುವ ದಿನ ವ್ಯಾನಿನಲ್ಲಿ ಮುಕಾಶ್, ಅವನ ಹೆಂಡತಿ ಅಸಿಲ್‌ಕಾನ್, ತಮ್ಮ ಎರ್ಮೆಕ್, ಜೊತೆಗೆ ನಾನು. ಜೌಗಿನ ನಡುವೆ ಗಾಡಿ ಕೂತಿತು. ಮುಕಾಶ್ ಎದುರಿನ ದಿಣ್ಣೆಯಲ್ಲಿ ಗೂಟ ಹೊಡೆದು ಕೊಕ್ಕೆ ಹಾಕಿ ಬಂದು ಗುಂಡಿ ಒತ್ತಿದ.

ಎರ್ಮೆಕ್ ನಮ್ಮ ಊರಿನ ಒಳ್ಳೆಯ ಸವಾರ. ಹೊಸ ಕುದುರೆಯ ಹಗ್ಗದ ಮೇಲೆ ಅಂಗೈಯಿಟ್ಟರೆ ಅದರ ಮನಸ್ಸು ತಿಳಿಯುತ್ತದೆ ಅನ್ನುತ್ತಿದ್ದ. ಅಂದೂ ಹಾಗೆಯೇ ಬಿಗಿದ ಉಕ್ಕಿನ ಹಗ್ಗದ ಪಕ್ಕ ನಿಂತು ಅಂಗೈಯಿಟ್ಟ.

“ಬೈಕೆ, ಇದು ನಡುಗ್ತಾ ಇದೆ!” ಎಂದು ಅಣ್ಣನಿಗೆ ಕೂಗಿ ನಕ್ಕ.

ಗೂಟ ಕಿತ್ತು ಬಂತು. ಕೊಕ್ಕೆಯ ಸಮೇತ ಹಾರಿ ಬಂದು ಅವನ ಮೊಣಕಾಲಿಗೆ ಬಡಿಯಿತು.

ಅಸಿಲ್‌ಕಾನ್ ತಲೆವಸ್ತ್ರ ಬಿಚ್ಚಿ ತೊಡೆಗೆ ಬಿಗಿದಳು. ಸೀಟಿನ ಮೇಲಿದ್ದ ಉಣ್ಣೆಹಾಸನ್ನು ನಾನು ಅವನ ಕಾಲಡಿ ಹಾಸಿದೆ. ಬ್ಯಾಟರಿ ಸತ್ತಿತ್ತು, ಗಾಡಿ ಇನ್ನೂ ಕೆಸರಲ್ಲೇ ಇತ್ತು. ಮುಕಾಶ್ ಊರಿನತ್ತ ಓಡಿದ. “ಬೈಕೆಗೆ ತಾಗ್ಲಿಲ್ಲ ತಾನೆ?” ಎಂದು ಎರ್ಮೆಕ್ ಮತ್ತೆ ಮತ್ತೆ ಕೇಳುತ್ತಿದ್ದ. ಬಿಸಿಲು ಇಳಿಯುವ ಹೊತ್ತಿಗೆ ಒಂದು ಟ್ರ್ಯಾಕ್ಟರ್ ಸಿಕ್ಕಿತು. ಅದರ ಚಾಲಕ ಬೇರೆ ಊರಿನವನು. ತನ್ನ ಕೋಟು ಬಿಚ್ಚಿ ಎರ್ಮೆಕ್‌ಗೆ ಹೊದಿಸಿದ, ಆಸ್ಪತ್ರೆಯವರೆಗೆ ಬಂದ, ಕೋಟನ್ನು ವಾಪಸು ಕೇಳದೆ ಹೋದ.

“ಸ್ವಲ್ಪ ಬೇಗ ತಂದಿದ್ರೆ…” ಎಂದು ಶುರು ಮಾಡಿದ ಡಾಕ್ಟರು ಮುಕಾಶನ ಮುಖ ನೋಡಿ ಮಾತು ನಿಲ್ಲಿಸಿದರು. ಕಾಲು ಹೋಯಿತು.

ಆ ಚಳಿಗಾಲವನ್ನು ನೆನೆಯಲು ನನಗೆ ಮನಸ್ಸಿಲ್ಲ. ಎರ್ಮೆಕ್‌ನ ಕುದುರೆ ಬೆಳಗಾದರೆ ಬಾಗಿಲ ಮುಂದೆ ಬಂದು ನಿಲ್ಲುತ್ತಿತ್ತು. ಅವನು ಒಳಗಿನಿಂದಲೇ ಅದರ ಉಸಿರು ಕೇಳುತ್ತಾ ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಕುರಿಗಳನ್ನೆಲ್ಲ ಮಾರಿಬಿಡುತ್ತೇನೆ, ಇನ್ನು ಮೇಲಕ್ಕೆ ಹೋಗುವುದಿಲ್ಲ ಎಂದ ಮುಕಾಶ್. ಕುರಿ ಹೋದರೆ ಆ ಮನೆಗೆ ಬೇರೇನಿದೆ?

ಹಿಮ ಕರಗುವ ಮೊದಲು ಬುರುಲ್ ಆ ಕೈವಿಂಚನ್ನು ಹೊತ್ತು ಅವರ ಮನೆಗೆ ಬಂದಳು. ‘ನಾನು ಹೇಳಿರಲಿಲ್ವಾ’ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ.

“ಅದನ್ನ ಆಚೆ ಇಡಿ ಎಜೆ,” ಎಂದ ಮುಕಾಶ್. “ನನ್ನ ತಮ್ಮನ ಕಾಲು ತಿಂದಿದ್ದು ಸಾಲ್ದಾ?”

ಮೂಲೆಯಿಂದ ಎರ್ಮೆಕ್ ಮಾತಾಡಿದ. “ಕಾಲು ತಿಂದಿದ್ದು ಗೂಟ, ಬೈಕೆ. ಮತ್ತೆ ನಾನು ನಿಂತ ಜಾಗ. ಕುರಿ ಮಾರಿ ಕೂತ್ರೆ ಕಾಲು ಚಿಗುರುತ್ತಾ?”

ಅಸಿಲ್‌ಕಾನ್ ಎದ್ದು ಬುರುಲ್‌ಗೆ ಚಹಾ ಬಗ್ಗಿಸಿದಳು. ಅದೇ ಆ ಮನೆಯ ಒಪ್ಪಿಗೆ. ನಾಲ್ಕು ಮನೆಯವರು ಸೇರಿ ಆ ಕೈವಿಂಚನ್ನೇ ಕೊಂಡೆವು. ಮರವಿಲ್ಲದ ಕಡೆ ಹೇಗೆ ಎಳೆಯಬೇಕೆಂದು ಬುರುಲ್ ಅಂಗಳದಲ್ಲೇ ಕಲಿಸಿದಳು. ಒಣನೆಲದಲ್ಲಿ ಸೊಂಟದಾಳ ಅಗೆದು, ಸರಪಳಿ ಬಿಗಿದ ಸ್ಟೆಪ್ನಿ ಚಕ್ರವನ್ನು ಹೂತು, ಮಣ್ಣು ತುಳಿದು, ಆ ಸರಪಳಿಗೆ ಕೊಕ್ಕೆ ಹಾಕುವುದು.

ಈ ವಸಂತದಲ್ಲಿ ಗಾಡಿ ಅದೇ ಜಾಗದಲ್ಲಿ ಕೂತಿತು. ಗುಂಡಿ ತೋಡಿ ಚಕ್ರ ಹೂತೆವು. ಎಷ್ಟು ಒಗೆದರೂ ಕಲೆ ಹೋಗದ ಆ ಉಣ್ಣೆಹಾಸನ್ನು ಮುಕಾಶ್ ತಾನೇ ಹಗ್ಗದ ಮೇಲೆ ಹೊದಿಸಿದ. ಎರ್ಮೆಕ್ ದೂರದ ಕಲ್ಲಿನ ಮೇಲೆ ಕೂತು ಕೂಗುತ್ತಿದ್ದ. “ಹಿಂದಕ್ಕೆ! ಇನ್ನೂ ಹಿಂದಕ್ಕೆ! ಟೀಚರಮ್ಮ, ನಿಮಗೂ ಹೇಳಿದ್ದು, ಕಿವಿ ಮನೇಲಿಟ್ಟು ಬಂದ್ರಾ?”

ಹಿಡಿ ಜಗ್ಗಿ ಜಗ್ಗಿ ಕೊನೆಗೆ ವ್ಯಾನು ಮೇಲೆ ಬಂತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಕಾಶ್ ಕೆಸರು ದಾಟಿ ಹೋಗಿ ತಮ್ಮನನ್ನು ಬೆನ್ನ ಮೇಲೆ ಹೊತ್ತುಕೊಂಡ. “ಹಗುರ ಆಗಿದ್ದೀಯಲ್ಲೋ,” ಅಂದವನು ಜೌಗಿನ ನಡುವೆಯೇ ನಿಂತುಬಿಟ್ಟ.

ಕೇಳುತ್ತಿರುವ ಅಕ್ಕತಂಗಿಯರೇ, ನಿಮ್ಮ ಮನೆಯವರು ವಿಂಚ್ ಕೊಳ್ಳಲು ಹೊರಟರೆ ಜೊತೆಗೆ ಹೋಗಿ. ಮೊದಲು ತುಂಬಿದ ಗಾಡಿಯ ತೂಕ ಕೇಳಿ, ಆಮೇಲೆ ಬೆಲೆ ಕೇಳಿ. ಬಣ್ಣ, ನಂಬರು ನೋಡಬೇಡಿ. ಒಬ್ಬರಿಗೆ ಆಗದಿದ್ದರೆ ನಾಲ್ಕು ಮನೆ ಸೇರಿ ಕೊಳ್ಳಿ. ಗೂಟವನ್ನು ಕುದುರೆಗೆ ಬಿಡಿ. ಹಗ್ಗ ಬಿಗಿದಾಗ ಅದರ ಹತ್ತಿರ ಯಾರನ್ನೂ, ಎಂಥ ಸವಾರನನ್ನೂ ನಿಲ್ಲಗೊಡಬೇಡಿ. ಹಳೆಯ ಉಣ್ಣೆಹಾಸು ಎಲ್ಲರ ಮನೆಯಲ್ಲೂ ಇರುತ್ತದೆ. ಇವತ್ತೇ ಒಂದನ್ನು ಗಾಡಿಯಲ್ಲಿಡಿ. ಕೂರುವುದಕ್ಕಲ್ಲ.