ಸಾಹುಕಾರರ ತಮ್ಮ

ಬ್ಯಾಡಗಿಯ ಮೆಣಸಿನಕಾಯಿ ದಲಾಲ ವಿರೂಪಾಕ್ಷಪ್ಪನವರು ಶಮಶೇರಸಾಬನನ್ನು ಬಾಯಿ ತುಂಬ ‘ತಮ್ಮಾ’ ಎಂದೇ ಕರೆಯುತ್ತಿದ್ದರು. ಅವರ ಅಂಗಡಿಯಲ್ಲಿ ಚೀಲ ತೂಗಿಸುತ್ತ, ಗೋದಾಮು ಕಾಯುತ್ತ ತಲೆ ನರೆತಿದ್ದ ಶಮಶೇರಸಾಬ ಅಷ್ಟಕ್ಕೇ ಉಬ್ಬಿಹೋಗಿ, ತನ್ನೂರು ಮೋಟೆಬೆನ್ನೂರಿನ ಚಹದಂಗಡಿಯಲ್ಲಿ ತಾನೂ ಸಾಹುಕಾರರೂ ಪಾಲುದಾರರೆಂದು ಕೊಚ್ಚಿಕೊಳ್ಳುತ್ತಿದ್ದ.

ಎಂಬತ್ತೆಂಟರ ಬೇಸಿಗೆಯಲ್ಲಿ ಚೀಲಗಳು ಜರಿದು ಬಿದ್ದು ಅವನ ಕಾಲು ಮುರಿಯಿತು. ವಾಸಿಯಾಗಿ ಬಂದರೆ, ಅವನ ಜಾಗದಲ್ಲಿ ಸಾಹುಕಾರರ ಹೊಸ ಅಳಿಯ ನಿಂತಿದ್ದ.

“ನೀ ಇನ್ನ ಮನ್ಯಾಗ ಆರಾಮ ಇರು ತಮ್ಮಾ,” ಎಂದರು ಸಾಹುಕಾರರು.

ಕೆಲಸ ಹೋಯಿತೆಂಬುದು ಅವನಿಗೆ ಹೊಳೆಯಲು ವಾರ ಹಿಡಿಯಿತು. ಹೆಂಡತಿ ಜೈತೂನಬಿಗೆ ಅಂದೇ ಹೊಳೆದಿತ್ತು. ಅವಳ ಒತ್ತಾಯಕ್ಕೆ ಹಾವೇರಿಯ ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟ.

ಆದರೆ ಅವನು ಅಲ್ಲಿ ಆಳಾಗಿದ್ದನೆನ್ನಲು ಆಧಾರವೇನು? ಹಾಜರಿ ಪುಸ್ತಕವಿಲ್ಲ, ಪಗಾರದ ಚೀಟಿಯಿಲ್ಲ. ಸಾಕ್ಷಿಗೆ ಬಾ ಎಂದರೆ ಚಹದಂಗಡಿಯ ಮಾಲತೇಶಪ್ಪ, ಪಾಲುದಾರ ಎಂದವನನ್ನು ಆಳೆಂದು ಹೇಗೆ ಹೇಳಲಿ ಎಂದು ಕೈಚೆಲ್ಲಿದ. ಸಾಹುಕಾರರಿಗೆ ಬೇರೆ ವಕೀಲನೇಕೆ, ನನ್ನ ನಾಲಿಗೆಯೇ ಸಾಕಲ್ಲ ಎಂದುಕೊಂಡ ಶಮಶೇರಸಾಬ.

ವಿಚಾರಣೆಯ ದಿನ ಸಾಹುಕಾರರು ಅವನ ಹೆಗಲ ಮೇಲೆ ಕೈಯಿಟ್ಟು, “ಇಂವ ಆಳಲ್ಲರಿ, ನನ್ನ ತಮ್ಮ. ಮನಸ್ಸಿಗೆ ಬಂದಾಗ ಬಂದು ಹೋಗ್ತಿದ್ದ,” ಎಂದರು. ಶಮಶೇರಸಾಬನ ಕಣ್ಣು ತುಂಬಿ ಬಂತು. ತಲೆ ತಾನಾಗಿಯೇ ಹೌದೆಂದು ಆಡಿತು. ಜೈತೂನಬಿ ಅವನನ್ನು ಚಿವುಟಿ ಎದ್ದು ನಿಂತಳು.

“ತಮ್ಮ ಆಗಿದ್ರ, ನಿಮ್ಮ ಮಗಳ ಮದಿವ್ಯಾಗ ಇವ್ರು ಯಾಕ ಇರಲಿಲ್ಲರಿ?”

“ಹೆಂಗ ಬರ್ತಾನವ್ವಾ? ಗೋದಾಮು ಬಿಟ್ಟು ಅಲ್ಲಾಡಬ್ಯಾಡ ಅಂತ ನಾನ ಹೇಳಿದ್ದೆ.”

ಅಧಿಕಾರಿ ತಲೆಯೆತ್ತಿದರು. “ನೀವು ಹೇಳಿದ್ರೆ ಅವರು ಕೇಳಬೇಕಿತ್ತೇನು?”

“ಕೇಳದ ಏನ್ಮಾಡ್ತಾನ್ರಿ? ಮಾಲಕ ನಾನಲ್ಲೇನು?”

ಅಧಿಕಾರಿ ಅದನ್ನೇ ಬರೆದುಕೊಂಡು ಓದಿ ಹೇಳಿದರು. ಕೇಸು ಕೋರ್ಟಿಗೆ ಹೋದರೆ ಈ ಮಾತೇ ಮುಳುವಾಗುತ್ತದೆಂದು ಅರಿತ ಸಾಹುಕಾರರು, ಅವನನ್ನು ಆಳೆಂದು ಒಪ್ಪಿ ಮರಳಿ ಕೆಲಸಕ್ಕೆ ತೆಗೆದುಕೊಳ್ಳಲು ಸಹಿ ಹಾಕಿದರು.

ಊರಿಗೆ ಮರಳುವ ಬಸ್ಸಿನಲ್ಲಿ ಶಮಶೇರಸಾಬ ಮೆಲ್ಲಗೆ ಬಾಯಿಬಿಟ್ಟ. “ಮದಿವಿ ದಿನ ಕಾಯಾಕ ಬಿಟ್ಟಿದ್ದು ನನಗ ಮರ್ಯಾದಿ ಕೊಟ್ರು ಅಂತ ತಿಳಕೊಂಡಿದ್ದೆ ನೋಡು.”

ಜೈತೂನಬಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವನಿಗೂ ತಡೆಯಲಾಗಲಿಲ್ಲ. ಕಂಡಕ್ಟರ್ ತಿರುಗಿ ನೋಡುವಷ್ಟು ನಕ್ಕ.

“ನಗೂದು ಸಾಕು,” ಎಂದಳು ಅವಳು. “ಸೋಮವಾರ ಲಗೂ ಏಳ್ರಿ. ಆಳಾದವ್ರು ತಡಾ ಮಾಡಬಾರದು.”