ಸಾಕು ಅಂದದ್ದು ಯಾವುದಕ್ಕೆ

ತೂಗಾಡುತ್ತಿದೆ, ಸ್ವಲ್ಪವೇ, ಬಲಕ್ಕೆ ಎಡಕ್ಕೆ, ಗೇರ್‌ಬಾಕ್ಸಿನ ಬಾಲದಲ್ಲಿ ಆಯಿಲ್ಲಿನ ಒಂದು ಹನಿ ಬೀಳಲೋ ಬೇಡವೋ ಎಂದು ನಿಂತಿದೆ, ಬೀಳಲಿ, ಕೆಳಗೆ ಗೋಣಿಚೀಲ ಹಾಸಿದ್ದೇನೆ, ಇಷ್ಟು ಭಾರದ ಕಬ್ಬಿಣ ಒಂದೇ ಕೊಕ್ಕೆಗೆ ಜೋತುಬಿದ್ದು ಹೀಗೆ ಸಾಧುವಾಗಿ ತೂಗುವುದನ್ನು ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದರೂ ಪ್ರತಿ ಸಲ ಕೊಕ್ಕೆಯನ್ನು ಇನ್ನೊಮ್ಮೆ ನೋಡಿಕೊಳ್ಳುತ್ತೇನೆ, ಚೈನು ನನ್ನ ಕೈಯಲ್ಲಿ, ಪುಲ್ಲಿ ಮೇಲೆ ತೊಲೆಯಲ್ಲಿ, ಕಾರಿನ ಆ ಕಡೆ, ನನ್ನ ಹೆಂಡತಿ ಕೂರುತ್ತಿದ್ದ ಜಾಗದಲ್ಲಿ ಅವಳ ತಮ್ಮ ಕುಕ್ಕುರುಗಾಲಲ್ಲಿ ಕೂತಿದ್ದಾನೆ – ನನ್ನ ಭಾಮೈದ, ಕಾರೂ ಅವನದೇ, ಬಾಡಿಗೆಗೆ ಓಡಿಸುವ ಕಾರು, ಮೂರು ತಿಂಗಳಿಂದ ಇಂಜಿನ್ನಿಲ್ಲದೆ ಬಾಯಿ ತೆರೆದುಕೊಂಡು ನನ್ನ ಶೆಡ್ಡಿನಲ್ಲಿ ನಿಂತಿತ್ತು, ಅಷ್ಟು ದಿನ ಯಾರ್ಯಾರದೋ ಗಾಡಿ ಓಡಿಸಿದ, ಭಾವ ನನ್ನ ಗಾಡಿ ಏನಾಯ್ತು ಎಂದು ಒಂದು ದಿನವೂ ಕೇಳಲಿಲ್ಲ, ಅಕ್ಕ ಹೋದ ಮೇಲಂತೂ ಈ ಕಡೆ ತಲೆಯನ್ನೇ ಹಾಕಲಿಲ್ಲ, ನಿನ್ನೆ ನಾನೇ ಫೋನ್ ಮಾಡಿದೆ, ಬಾರೋ, ಕೂರಿಸಿಬಿಡೋಣ, ಒಬ್ಬನ ಕೈಲಿ ಆಗಲ್ಲ. ಆಗುವುದಿಲ್ಲ ಎನ್ನುವುದು ನಿಜ. ಇಂಜಿನ್ನು ಗೇರ್‌ಬಾಕ್ಸು ಬೇರೆ ಮಾಡದೆ ಒಟ್ಟಿಗೇ ಎತ್ತಿ ಒಟ್ಟಿಗೇ ಇಳಿಸುವವನು ನಾನು, ಬೇರೆ ಮಾಡಿದರೆ ಮತ್ತೆ ಸೇರಿಸುವಾಗ ಕ್ಲಚ್ಚಿನ ತೂತಿಗೆ ಶಾಫ್ಟು ಹೊಂದಿಸುತ್ತಾ ಅರ್ಧ ದಿನ ಹೋಗುತ್ತದೆ, ಸೇರ್ಕೊಂಡಿರೋದನ್ನ ಯಾಕ್ರೀ ಬಿಡಿಸೋದು ಎನ್ನುತ್ತಿದ್ದಳು, ಆದರೆ ಹಾಗೆ ಮಾಡಲು ಇಬ್ಬರು ಬೇಕು, ಒಬ್ಬರು ಚೈನಿಗೆ, ಒಬ್ಬರು ಬಾಲ ಹಿಡಿದು ದಾರಿ ತೋರಿಸಲಿಕ್ಕೆ, ಚೈನಿನವನಿಗೆ ಬಾಲ ಕಾಣುವುದಿಲ್ಲ, ಹೇಳಿದ ಹಾಗೆ ಕೇಳಬೇಕು ಅಷ್ಟೇ.

ಕೇಳಿದ್ದೇನೆ, ಅವಳ ಬೇರೆ ಯಾವ ಮಾತು ಕೇಳದಿದ್ದರೂ ಆ ಎರಡು ಮಾತು ಕೇಳಿದ್ದೇನೆ. ಸಾಕು ಎಂದರೆ ಕೈ ನಿಲ್ಲಬೇಕು. ಇನ್ನೂ ಸ್ವಲ್ಪ ಎಂದರೆ ಒಂದು ಕೊಂಡಿ, ಎರಡು ಕೊಂಡಿ. ಪಕ್ಕದ ಶೆಡ್ಡಿನ ಟಿಂಕರ್ ತಗಡು ಬಡಿಯಲು ಶುರುಮಾಡಿದರೆ ಮಾತು ಕೇಳಿಸುವುದಿಲ್ಲವಲ್ಲ, ಆಗ ಮಡ್‌ಗಾರ್ಡಿನ ಅಂಚಿನ ಮೇಲೆ ಅವಳ ಕೈ ಮಾತ್ರ ಕಾಣುತ್ತಿತ್ತು, ಅಂಗೈ ಬಿಡಿಸಿದರೆ ಸಾಕು, ತೋರುಬೆರಳನ್ನು ಕೊಕ್ಕೆಯ ಹಾಗೆ ಬಾಗಿಸಿ ಎರಡು ಸಲ ಆಡಿಸಿದರೆ ಇನ್ನೂ ಸ್ವಲ್ಪ – ಬೇಡ, ಆ ಬೆರಳು ಬೇಡ, ವೈರುಗಳನ್ನು ನೋಡು, ಒಂದೊಂದು ವೈರಿಗೂ ಒಂದೊಂದು ಪೈಪಿಗೂ ಬಟ್ಟೆಯ ಚೂರು ಕಟ್ಟಿದ್ದಾಳೆ, ಬಿಚ್ಚಿದ ಎರಡೂ ತುದಿಗೆ ಒಂದೇ ಬಣ್ಣ, ನೀಲಿಗೆ ನೀಲಿ, ಹಳದಿಗೆ ಹಳದಿ, ನೀವು ನಂಬರ್ ಬರೆದ ಚೀಟಿ ಎಣ್ಣೆ ಕುಡಿದು ಅಳಿಸಿಹೋಗತ್ತೆ, ಬಟ್ಟೆ ಎಲ್ಲಿ ಹೋಗತ್ತೆ ಎನ್ನುತ್ತಿದ್ದಳು, ಆ ಹಳದಿ ನನ್ನ ಅಂಗಿ, ಹರಿದಿಲ್ಲ ಕಣೇ ಎಂದರೂ ಕತ್ತರಿ ಹಾಕಿದಳು, ಇಂಜಿನ್ ಎತ್ತಿದ ಆ ದಿನ ಈ ಗಂಟು ಹಾಕುವಾಗಲೇ ಅವಳಿಗೆ ಉಸಿರು ಸಿಗುತ್ತಿರಲಿಲ್ಲ, ಎರಡು ಗಂಟು ಹಾಕಿ ಟೈರಿನ ಮೇಲೆ ಕೂರುವುದು, ಮತ್ತೆ ಎರಡು, ಏನಾಯ್ತೇ, ಏನಿಲ್ಲ, ನಿಮ್ಮ ಗ್ಯಾರೇಜಿನ ಹೊಗೆ ಕುಡಿದೂ ಕುಡಿದೂ ನಾನೂ ಒಂದು ಸೈಲೆನ್ಸರ್ ಆಗಿದೀನಿ, ನಾನು ನಕ್ಕೆ, ಹಲ್ಲು ಕಿರಿದೆ, ದಡ್ಡ, ಕಂಡವರ ಇಂಜಿನ್ನಿಗೆ ಕಿವಿಯಿಟ್ಟು ಯಾವ ಬೇರಿಂಗ್ ಹೋಗಿದೆ ಎಂದು ಹೇಳುವವನಿಗೆ ಮನೆಯವಳ ಎದೆಯೊಳಗಿನ ಸದ್ದು ಕೇಳಿಸಲಿಲ್ಲ. ಇಂಜಿನ್ ಕೂತ ಮೇಲೆ ಆ ಗಂಟುಗಳನ್ನು ಒಂದೊಂದಾಗಿ ಬಿಚ್ಚಬೇಕು, ಬಿಚ್ಚಿದರೆ ಅವಳು ಕಟ್ಟಿದ್ದು ಎನ್ನಲು ಏನೂ ಉಳಿಯುವುದಿಲ್ಲ, ನನ್ನಿಂದ ಆಗುತ್ತದೋ ಇಲ್ಲವೋ ಗೊತ್ತಿಲ್ಲ.

ಬರ್ಲಿ ಭಾವ, ಬರ್ಲಿ, ಬಾಲ ಒಳಗೆ ಹೋಯ್ತು, ಮೂತಿ ಮೇಲಕ್ಕೇ ಇರ್ಲಿ – ಪರವಾಗಿಲ್ಲ, ಅಕ್ಕನನ್ನು ನೋಡಿ ನೋಡಿ ಕಲಿತಿದ್ದಾನೆ, ಆ ಬರ್ಲಿ ಎನ್ನುವ ಎಳೆತವೂ ಅವಳದೇ, ಚೈನು ಕಟ ಕಟ ಎನ್ನುತ್ತದೆ, ಎಡಗೈಯಲ್ಲಿ ಇಂಜಿನ್ನನ್ನು ಒತ್ತಿ ಹಿಡಿದಿದ್ದೇನೆ, ತಣ್ಣಗಿದೆ, ಸಾಕು, ನಿಂತೆ, ಕೈ ತಾನಾಗಿ ನಿಂತಿತು, ಯಾಕೆ ನಿಲ್ಸಿದ್ರಿ ಭಾವ, ಸಾಕು ಅಂದ್ಯಲ್ಲೋ, ನಿಮಗಲ್ಲ ಭಾವ, ಫೋನಲ್ಲಿ ನನ್ನ ಹೆಂಡ್ತಿ, ಒಂದು ಲೀಟರ್ ಹಾಲು ಸಾಕಾ ಅಂದ್ಲು, ಸಾಕು ಅಂದೆ. ನಗುತ್ತಾನೆ. ನಿಮಗಲ್ಲ. ಇವನು ಬಿಡಿಸಿ ಹೇಳಿದ, ಇವನ ಅಕ್ಕ ಹೇಳಲಿಲ್ಲ, ಹೇಳಲು ಉಸಿರೆಲ್ಲಿತ್ತು, ಆಸ್ಪತ್ರೆಯ ಮಂಚಕ್ಕೆ ಕಾಲಿನ ಕಡೆ ಒಂದು ಹ್ಯಾಂಡಲ್ ಇತ್ತು, ತಿರುಗಿಸಿದರೆ ತಲೆಯ ಕಡೆ ಮೇಲೇಳುತ್ತದೆ, ಕಿರ್ರೆನ್ನುತ್ತಿತ್ತು, ಡಬ್ಬಿಯಲ್ಲಿ ಗ್ರೀಸ್ ತಂದು ಹಚ್ಚಿದ್ದೆ, ಇದು ಗ್ಯಾರೇಜಲ್ಲ ಎಂದು ನರ್ಸಮ್ಮ ಬೈದರು, ಕೊನೆಯ ದಿನ ಬೆಳಿಗ್ಗೆ ಎತ್ತಿ ಎಂದು ಕಣ್ಣಲ್ಲೇ ಹೇಳಿದಳು, ಕಾಲಿನ ಕಡೆ ಬಗ್ಗಿ ತಿರುಗಿಸಿದೆ, ಅಲ್ಲಿಂದ ಅವಳ ಮುಖ ಕಾಣುವುದಿಲ್ಲ, ಹೊದಿಕೆ ಮಾತ್ರ, ಸಾಕು ಅಂದಳು, ಆಕ್ಸಿಜನ್ ಮಾಸ್ಕಿನೊಳಗಿಂದ, ನಿಂತೆ, ಅಷ್ಟರಲ್ಲಿ ಡಾಕ್ಟರು ಹೊರಗೆ ಕರೆದರು, ನೋಡಿ, ಗಂಟಲಿಗೆ ಪೈಪ್ ಹಾಕಿ ಮಿಷನ್ ಮೇಲೆ ಇಡಬಹುದು, ನಾಲ್ಕು ದಿನ ಸಿಗಬಹುದು, ಸಿಗದೇನೂ ಇರಬಹುದು, ಅವರಿಗೆ ಹಿಂಸೆಯಂತೂ ಆಗತ್ತೆ, ನೀವು ಹೇಳಿದ ಹಾಗೆ ಮಾಡ್ತೀವಿ, ನನ್ನ ಬಾಯಿಂದ ಬಂತು, ಅವಳೇ ಸಾಕು ಅಂದ್ಲು ಡಾಕ್ಟ್ರೇ. ಸುಳ್ಳಲ್ಲ, ಅಂದಿದ್ದಳು. ಪೈಪ್ ಬೇಡ ಎನ್ನುವ ಕಾಗದ ಕೊಟ್ಟರು, ಸಹಿ ಹಾಕಿದೆ, ಮಂಚದ ಗ್ರೀಸು ಕಾಗದಕ್ಕೂ ಹತ್ತಿತು, ಒಳಗೆ ಬಂದೆ, ಕಣ್ಣು ಮುಚ್ಚಿದ್ದಳು, ಹೊದಿಕೆಯ ಮೇಲೆ ಕೈ, ತೋರುಬೆರಳು ಬಾಗಿತು, ಎರಡು ಸಲ. ಹ್ಯಾಂಡಲ್ ಹಿಡಿದೆ, ಎರಡು ಸುತ್ತು ಎತ್ತಿದೆ, ಮಂಚವನ್ನು, ಬರೀ ಮಂಚವನ್ನು, ಡಾಕ್ಟರ ಹಿಂದೆ ಓಡಲಿಲ್ಲ, ಯಾವುದು ಇನ್ನೂ ಸ್ವಲ್ಪ, ಮಂಚಾನಾ, ಜೀವಾನಾ ಎಂದು ಅವಳ ಕಿವಿಯ ಹತ್ತಿರ ಬಗ್ಗಿ ಕೇಳಲಿಲ್ಲ, ಕೇಳಲು ಹೆದರಿದೆ, ಅದೇ ನಿಜ, ಸಂಜೆ ನಾಲ್ಕಕ್ಕೆ ಹೋದಳು. ಅವಳ ಮಾತು ನಡೆಸಿದೆನೋ ಅವಳನ್ನು ಕಳಿಸಿಕೊಟ್ಟೆನೋ ನನಗೆ ಗೊತ್ತಿಲ್ಲ, ಇದನ್ನು ಯಾರಿಗೂ ಹೇಳಿಲ್ಲ.

ಭಾವ, ಒಂದು ಮಾತು ಕೇಳ್ಲಾ. ಕೇಳು. ಇಂಜಿನ್ನಿನ ಆಚೆಯಿಂದ ಮಾತು ಬರುತ್ತಿದೆ, ಮುಖ ಇಂಜಿನ್ನಿನ ಹಿಂದೆ, ಅವತ್ತು ನಾನು ದೂರದ ಬಾಡಿಗೆಗೆ ಹೋಗಿದ್ದೆ, ಬರೋ ಹೊತ್ತಿಗೆ ಎಲ್ಲಾ ಮುಗಿದಿತ್ತು, ಕೊನೇಲಿ ಅಕ್ಕ ಏನಾದ್ರೂ ಅಂದ್ಲಾ. ಇದಕ್ಕೇ ಇರಬೇಕು ಇಷ್ಟು ದಿನ ಬರದೆ ಇದ್ದದ್ದು, ಕೇಳಬೇಕಾಗುತ್ತದೆ ಎಂದು, ನಿನ್ನನ್ನು ನೆನೆಸಿಕೊಂಡಳು ಎಂದರೆ ಮುಗಿಯುತ್ತದೆ, ಅವನು ಎರಡು ಹನಿ ಅತ್ತು ಹಗುರಾಗುತ್ತಾನೆ, ನಾನೂ ಕೆಲಸ ಮುಂದುವರಿಸಬಹುದು, ಆದರೆ ಸಾಕು ಅಂದ್ಲು ಎಂದುಬಿಟ್ಟೆ. ಯಾವುದಕ್ಕೆ ಭಾವ. ಯಾವುದಕ್ಕೆ, ಇಷ್ಟು ಸಣ್ಣ ಮಾತು, ಇವನು ಎಷ್ಟು ಸಲೀಸಾಗಿ ಕೇಳಿಬಿಟ್ಟ, ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ಸಲವೂ ಅವಳನ್ನು ಇದು ಕೇಳಿರಲಿಲ್ಲ, ಕೇಳುವ ಅಗತ್ಯ ಬಿದ್ದಿರಲಿಲ್ಲ, ಸಾಕು ಎಂದರೆ ಚೈನು, ಮತ್ತೇನಿದೆ, ಗೊತ್ತಿಲ್ಲ ಕಣೋ, ಮಂಚಕ್ಕೂ ಇರಬಹುದು, ನಾನೇ ಡಾಕ್ಟ್ರಿಗೆ ಪೈಪ್ ಬೇಡ ಅಂದೆ, ಆಮೇಲೆ ಅವಳು ಇನ್ನೂ ಸ್ವಲ್ಪ ಅಂದ್ಲು, ನಾನು ಹೋಗಿ ಹೇಳ್ಲಿಲ್ಲ – ಅಷ್ಟು ಹೊತ್ತಿಗೆ ಪಕ್ಕದ ಶೆಡ್ಡಿನಲ್ಲಿ ಟಿಂಕರ್ ತಗಡು ಬಡಿಯತೊಡಗಿದ, ಢಣ್ ಢಣ್, ನನ್ನ ಮಾತು ನನಗೇ ಕೇಳಿಸಲಿಲ್ಲ, ಅವನಿಗೆ ಎಷ್ಟು ಕೇಳಿಸಿತೋ, ಕೇಳಿಸಿತೋ ಇಲ್ಲವೋ, ಈಗ ಏಳುತ್ತಾನೆ, ಎದ್ದು ಬಂದು ಕೊರಳಪಟ್ಟಿ ಹಿಡಿಯುತ್ತಾನೆ, ಹಿಡಿಯಲಿ, ಎರಡು ಏಟು ಬಿಡಲಿ, ಅವನಾದರೂ ಬಿಡಲಿ, ಏಳಲಿಲ್ಲ, ಇಂಜಿನ್ನು ತೂಗುತ್ತಿದೆ, ಅದು ಕೂರಬೇಕಾದ ಮೌಂಟಿಂಗಿನ ತೂತಿಗೆ ನಾಲ್ಕು ಬೆರಳು ಬಾಕಿ, ಮಡ್‌ಗಾರ್ಡಿನ ಅಂಚಿನ ಮೇಲೆ ಒಂದು ಕೈ ಬಂತು, ಮುಖವಿಲ್ಲ, ಕೈ ಮಾತ್ರ, ತೋರುಬೆರಳು ಬಾಗುತ್ತದೆ, ಎರಡು ಸಲ, ಇನ್ನೂ ಸ್ವಲ್ಪ, ಚೈನು ನನ್ನ ಕೈಯಲ್ಲೇ ಇದೆ, ಎಳೆಯಬೇಕು, ಒಂದೇ ಕೊಂಡಿ, ಮತ್ತೆ ಬಾಗುತ್ತದೆ, ಎರಡು ಸಲ, ಬೆರಳು, ಎರಡು ಸಲ, ಬೆರಳು